ನಕ್ಷತ್ರಯಾನ: ದೂರವನ್ನೂ ತಿಳಿಸಿ

ಮಾನ್ಯರೇ,

ಸೌರವ್ಯೂಹದಾಚೆ ಹೊಸ ಗ್ರಹ ಪತ್ತೆಯಾದಾಗಲೆಲ್ಲ ‘ಮತ್ತೊಂದು ಭೂಮಿ’ ಎಂಬ ತಲೆಬರಹದಡಿ ಪ್ರಕಟವಾಗುವ ವರದಿಗಳು, ಮನುಷ್ಯ ಇನ್ನೇನು ಅಲ್ಲಿಗೆ ಹೊರಟೇಬಿಟ್ಟ ಎಂಬ ಭಾವನೆಯನ್ನು ಮೂಡಿಸುತ್ತಿರುವುದು ಸರಿಯಲ್ಲ.

1977ರಲ್ಲಿ ಉಡಾವಣೆಗೊಂಡ ವಾಯೇಜರ್-1 ನೌಕೆಯು ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸಾಗುತ್ತಿದ್ದರೂ, ಸೌರಮಾರುತದ (ಸೂರ್ಯನಿಂದ ಹೊಮ್ಮುವ ಕಣಗಳ ಪ್ರವಾಹದ) ಎಲ್ಲೆಯನ್ನು ದಾಟಿದ್ದು 2012ರಲ್ಲಿ. (ಅದು ಹೊತ್ತೊಯ್ದ ಧ್ವನಿಮುದ್ರಿಕೆಯಲ್ಲಿ ಕನ್ನಡದ ಶುಭಾಶಯವೂ ಇದೆ ಎಂಬುದು ನಮಗೆ ಹೆಮ್ಮೆಯ ಸಂಗತಿಯೇ.) ಅದೇ ವೇಗದಲ್ಲಿ, ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರವಾದ, ಸುಮಾರು 4.24 ಜ್ಯೋತಿರ್ವರ್ಷ (ಒಂದು ಜ್ಯೋತಿರ್ವರ್ಷವೆಂದರೆ ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರ) ದೂರದ ಪ್ರಾಕ್ಸಿಮಾ ಸೆಂಟಾರಿಯನ್ನು ತಲುಪಲು 70 ಸಾವಿರಕ್ಕೂ ಹೆಚ್ಚು ವರ್ಷಗಳು ಬೇಕು. ವೇಗವನ್ನು ನೂರು ಪಟ್ಟು ಹೆಚ್ಚಿಸಿದರೂ 700 ವರ್ಷ ಮೀರುವ ಈ ಯಾನದಲ್ಲಿ ಹೊರಟವರಾರೂ ಗುರಿ ಮುಟ್ಟುವುದಿಲ್ಲ. ನೌಕೆಯಲ್ಲೇ ಹುಟ್ಟಿ, ಭೂಮಿಯನ್ನೂ ಕಾಣದೆ, ಸೇರಬೇಕಾದ ಗ್ರಹವನ್ನೂ ಕಾಣದೆ ಅಲ್ಲೇ ಸಾಯುವ ಹಲವು ತಲೆಮಾರುಗಳು ಬೇಕಾಗುತ್ತವೆ. ಅವರ ಪರವಾಗಿ ಇಂಥ ನಿರ್ಧಾರ ಕೈಗೊಳ್ಳುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆ, ನನ್ನ ದೃಷ್ಟಿಯಲ್ಲಿ, ಎಂಜಿನ್ನಿನ ಸಮಸ್ಯೆಗಿಂತಲೂ ಕಠಿಣವಾದದ್ದು.

ಆದ್ದರಿಂದ ಇಂತಹ ವರದಿಗಳ ಜೊತೆಗೆ ಆ ಗ್ರಹದ ದೂರವನ್ನೂ, ಇಂದಿನ ನೌಕೆಗಳ ವೇಗದಲ್ಲಿ ಅಲ್ಲಿಗೆ ತಗಲುವ ಕಾಲವನ್ನೂ ಒಂದು ಸಾಲಿನಲ್ಲಾದರೂ ತಪ್ಪದೆ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಶಿವಮೊಗ್ಗ