ಮುದ್ರಣಾಲಯಗಳ ಹಳೆಯ ಕಂಪ್ಯೂಟರ್‌ಗಳು

ಮಾನ್ಯ ಸಂಪಾದಕರೇ,

1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದ ಊರಿನಲ್ಲಿ, ನನ್ನದರಂತಹ ಸಣ್ಣ ಮುದ್ರಣಾಲಯದ ಅರ್ಧ ಆಯುಷ್ಯ ಈಗ ಕಂಪ್ಯೂಟರ್‌ಗಳ ದುರಸ್ತಿಯಲ್ಲೇ ಕಳೆಯುತ್ತಿದೆ. ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನ ಕೊನೆಯ ಮುಖ್ಯ ಆವೃತ್ತಿ ಬಂದದ್ದು 2001ರಲ್ಲಿ. ಆದರೂ ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಜೋಡಿಸಿಟ್ಟ ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರಗಳೆಲ್ಲ ಅದರಲ್ಲೇ ಇರುವುದರಿಂದ, ಹೊಸ ಕಂಪ್ಯೂಟರ್‌ನಲ್ಲಿ ತೆರೆದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾದಾವೆಂಬ ಭಯಕ್ಕೆ ಹಳೆಯದನ್ನೇ ತೇಪೆ ಹಾಕಿ ನಡೆಸುತ್ತಿದ್ದೇವೆ. ವಿಂಡೋಸ್ 10ಕ್ಕೆ ಎಂದಿನ ಉಚಿತ ಸುರಕ್ಷತಾ ಪರಿಷ್ಕರಣೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಗಿರಾಕಿಗಳು ತರುವ ಪೆನ್‌ಡ್ರೈವ್‌ಗಳನ್ನು ದಿನವಿಡೀ ಸಿಕ್ಕಿಸಿಕೊಳ್ಳುವ ಕಂಪ್ಯೂಟರ್‌ಗಳಿಗೆ ಇದು ಸಣ್ಣ ಅಪಾಯವೇನಲ್ಲ.

ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ ಬೇರೆ. ಕಾಗದದ ಧೂಳಿನೊಡನೆ ಸೇರಿ ಅವು ಫ್ಯಾನಿಗೆ ಕಟ್ಟಿಕೊಳ್ಳುತ್ತವೆ, ಮೆಮೊರಿ ಪಟ್ಟಿಯ ಲೋಹದ ತುದಿಗಳಿಗೆ ಕಿಲುಬು ಹಿಡಿಸುತ್ತವೆ. (ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಎಷ್ಟೋ ಸಲ ಸರಿಯಾಗುತ್ತದೆ, ಇದನ್ನು ಕಲಿಯುವ ಮೊದಲು ದುರಸ್ತಿಗೆ ತೆತ್ತ ಹಣ ನೆನೆದರೆ ಈಗಲೂ ಸಂಕಟವಾಗುತ್ತದೆ.) ಕಳೆದ ಮೇ ತಿಂಗಳ ಸಿಡಿಲಿಗೆ ನಮ್ಮ ಹಾರ್ಡ್‌ಡಿಸ್ಕ್ ಸುಟ್ಟು, ಪ್ರತಿ ತೆಗೆದಿಡದ ಮೂರು ಮದುವೆ ಕಾಗದಗಳನ್ನು ರಾತ್ರಿ ಕುಳಿತು ಮತ್ತೆ ಜೋಡಿಸಬೇಕಾಯಿತು, ಅರ್ತಿಂಗ್ ಸರಿಪಡಿಸದೆ ಬಿಟ್ಟ ತಪ್ಪು ನನ್ನದೇ.

ಹಳೆಯ ಫಾಂಟ್‌ಗಳ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸುವುದನ್ನೂ ಪ್ರತಿ ತೆಗೆದಿಡುವ ಕ್ರಮವನ್ನೂ ಕಲಿಸುವ ಎರಡು ದಿನಗಳ ಶಿಬಿರವೊಂದನ್ನು ಜಿಲ್ಲಾ ಕೈಗಾರಿಕಾ ಕೇಂದ್ರವು ಮಳೆಗಾಲಕ್ಕೆ ಮೊದಲೇ ಏರ್ಪಡಿಸಬೇಕೆಂದು ವಿನಂತಿಸುತ್ತೇನೆ.

– ಮುದ್ರಣಾಲಯದ ಮಾಲೀಕ, ಮಂಗಳೂರು