ಗುದನಾಳದ ಕ್ಯಾನ್ಸರ್: ಕರೆಂಟ್ (ವಿಕಿರಣ ಚಿಕಿತ್ಸೆ) ಮೊದಲೋ, ಆಪರೇಷನ್ ಮೊದಲೋ?

ಹಾಸನ, ಸಕಲೇಶಪುರ, ಅರಕಲಗೂಡು ಕಡೆಯ ಸದಸ್ಯರ ಗಮನಕ್ಕೆ. ‘ಗಡ್ಡೆ ತೆಗೆಸಿಬಿಡೋಣ, ಕರೆಂಟ್ ಆಮೇಲೆ ನೋಡೋಣ’ ಎಂದು ಅವಸರ ಮಾಡಬೇಡಿ. ಎಂ.ಆರ್.ಐ.ನಲ್ಲಿ ಗಡ್ಡೆ ಗುದನಾಳದ ಗೋಡೆ ದಾಟಿದ್ದು ಕಂಡರೆ ಸಾಮಾನ್ಯವಾಗಿ ವಿಕಿರಣವೇ ಮೊದಲು. 2004ರಲ್ಲಿ ಪ್ರಕಟವಾದ ಜರ್ಮನ್ ಅಧ್ಯಯನದಲ್ಲಿ 5 ವರ್ಷದೊಳಗೆ ಅದೇ ಜಾಗದಲ್ಲಿ ಮತ್ತೆ ಗಡ್ಡೆ ಬಂದದ್ದು ಆಪರೇಷನ್‌ಗೆ ಮೊದಲು ವಿಕಿರಣ ಕೊಟ್ಟವರಲ್ಲಿ ಶೇ. 6, ಆಮೇಲೆ ಕೊಟ್ಟವರಲ್ಲಿ ಶೇ. 13. ಬದುಕುಳಿದವರು ಮಾತ್ರ ಹೆಚ್ಚುಕಮ್ಮಿ ಸಮ: ಶೇ. 76, ಶೇ. 74. ಹಾಗಾಗಿ ‘ಮೊದಲು ಕೊಟ್ಟರೆ ಆಯಸ್ಸು ಜಾಸ್ತಿ’ ಎಂದು ಯಾರಿಗೂ ಭರವಸೆ ಕೊಡಬೇಡಿ. ಆಪರೇಷನ್ ಆದಮೇಲೆ ಸಣ್ಣಕರುಳು ಖಾಲಿ ಜಾಗಕ್ಕೆ ಇಳಿದು ಅಂಟಿಕೊಳ್ಳುತ್ತದೆ, ಕಿರಣ ಅದಕ್ಕೂ ತಾಗುತ್ತದೆ. ಆಮೇಲೆ ಕೊಟ್ಟವರಲ್ಲಿ ಭೇದಿಯ ಕಾಟ ಜಾಸ್ತಿ.

ವಿಕಿರಣದ ಉದ್ದದ ಕೋರ್ಸು 25–28 ಸಲ, ವಾರಕ್ಕೆ 5 ದಿನ, ಜೊತೆಗೆ ಕ್ಯಾಪೆಸಿಟಬೀನ್ ಎಂಬ ಕ್ಯಾನ್ಸರ್ ಮಾತ್ರೆ (ಊಟವಾದ ಅರ್ಧ ಗಂಟೆಯೊಳಗೆ). ಚಿಕ್ಕದು ಬರೀ 5 ದಿನ, ದಿನಕ್ಕೆ 5 ಗ್ರೇ (ವಿಕಿರಣದ ಅಳತೆ). ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡಿ ನಡುವೆ ತಪ್ಪಿಸುವ ಬದಲು ಅಲ್ಲೇ ರೂಮು ಮಾಡಿ.

ಮೂತ್ರಚೀಲ ತುಂಬಿಸಿಕೊಂಡು ಬನ್ನಿ ಎಂದಿದ್ದರೆ ದಿನವೂ ಒಂದೇ ಅಳತೆ ನೀರು, ಪ್ರತಿಸಲ ಅಷ್ಟೇ ಹೊತ್ತು ಕಾಯುವುದು. ಆಗ ಕರುಳು ಕಿರಣದ ದಾರಿಯಿಂದ ಮೇಲಕ್ಕೆ ಸರಿಯುತ್ತದೆ. ಕಿರಣ ಬೀಳಬೇಕಾದ ಜಾಗಕ್ಕೆಂದು ಸೊಂಟದ ಮೇಲೆ ಹಾಕಿದ ಶಾಯಿ ಗುರುತು ಸೋಪು ಹಾಕಿ ಉಜ್ಜಬೇಡಿ. ಭೇದಿ ಶುರುವಾದರೆ ಸೊಪ್ಪು, ಕಾಳು ಬಿಟ್ಟು ಅಕ್ಕಿ ಗಂಜಿ, ಓಆರ್‌ಎಸ್. ಕ್ಯಾಪೆಸಿಟಬೀನ್ ಮಾತ್ರೆ ಮುಂದುವರಿಸಬೇಕೇ ಎಂದು ಅಂದೇ ಡಾಕ್ಟರನ್ನು ಕೇಳಿ.