ಕೌಂಟರಿನವರು ಆ ಒಂದು ಮಾತು ಹೇಳಲಿ

ಮಾನ್ಯರೇ,

ಕಳೆದ ವರ್ಷ ಮಗಳ ಮನೆಯಿಂದ ವಾಪಸ್ ಬರುವಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಮ್ಮ ಯಜಮಾನರ ಬೋರ್ಡಿಂಗ್ ಪಾಸ್ ಬರಲೇ ಇಲ್ಲ. ನನ್ನದು ಹಿಂದಿನ ರಾತ್ರಿಯೇ ಮೊಬೈಲಿಗೆ ಬಂದಿತ್ತು. ಕೌಂಟರಿನ ಹುಡುಗಿ ಅವರ ಪಾಸ್‌ಪೋರ್ಟ್ ನೋಡಿದಳು, ಸ್ಕ್ರೀನ್ ನೋಡಿದಳು, ಅಲ್ಲಿಯವರೆಗೆ ನಗುನಗುತ್ತಾ ಮಾತಾಡುತ್ತಿದ್ದವಳು ಸುಮ್ಮನಾಗಿ ಫೋನ್ ಎತ್ತಿಕೊಂಡಳು. ನಲವತ್ತು ನಿಮಿಷ ನಿಂತೆವು. ಕೇಳಿದಾಗಲೆಲ್ಲ ‘ಸ್ವಲ್ಪ ಕಾಯಿರಿ’ ಅನ್ನುವುದೊಂದೇ ಉತ್ತರ. ಕೊನೆಗೆ ಕೊಟ್ಟ ಪಾಸಿನ ಮೇಲೆ ‘ಎಸ್‌ಎಸ್‌ಎಸ್‌ಎಸ್’ ಎಂದಿತ್ತು, ಅಂದರೆ ಇವರನ್ನು ಹೆಚ್ಚುವರಿ ತಪಾಸಣೆ ಮಾಡಿ ಅಂತ ಗುರುತು. ಆಮೇಲೆ ಮೈಯೆಲ್ಲ ತಡವಿದರು, ಅಂಗೈಗೆ ಬಟ್ಟೆ ಚೂರು ಒರೆಸಿ ಮಷಿನ್ನಿಗೆ ಹಾಕಿದರು, ಬ್ಯಾಗು ಪೂರ್ತಿ ಬಿಚ್ಚಿದರು. ಮೂವತ್ತೈದು ವರ್ಷ ಗಣಿತ ಹೇಳಿಕೊಟ್ಟ ಮೇಷ್ಟ್ರು ಬೆಲ್ಟ್ ಕೈಯಲ್ಲಿ ಹಿಡಿದು ನಿಂತಿದ್ದು ಈಗಲೂ ಕಣ್ಣ ಮುಂದಿದೆ.

ಆ ಹುಡುಗಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಮೇಲೆ ಮಗಳು ಬಿಡಿಸಿ ಹೇಳಿದಳು. ಭಯೋತ್ಪಾದನೆಯ ಶಂಕಿತರ ಪಟ್ಟಿಯೊಂದಿಗೆ ಪ್ರಯಾಣಿಕರ ಹೆಸರು ಮೊದಲು ತಾಳೆ ನೋಡುತ್ತಿದ್ದವರು ವಿಮಾನ ಕಂಪನಿಯವರೇ. 2009ರಿಂದ ‘ಸೆಕ್ಯೂರ್ ಫ್ಲೈಟ್’ ಎಂಬ ವ್ಯವಸ್ಥೆ ಬಂದು ಆ ಕೆಲಸ ಅಲ್ಲಿನ ಸರ್ಕಾರದ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎ ಕೈಗೆ ಹೋಯಿತು. ಕಂಪನಿ ನಮ್ಮ ಹೆಸರು, ಹುಟ್ಟಿದ ದಿನ, ಗಂಡೋ ಹೆಣ್ಣೋ ಎಂಬುದನ್ನು ಕಳಿಸುತ್ತದೆ, ಅಲ್ಲಿಂದ ಒಪ್ಪಿಗೆ ಬರುವವರೆಗೆ ಕಂಪ್ಯೂಟರ್ ಪಾಸ್ ಕೊಡುವುದಿಲ್ಲ. ಪಟ್ಟಿಯಲ್ಲಿ ಯಾರಿದ್ದಾರೆ, ಯಾಕಿದ್ದಾರೆ ಅಂತ ಕೌಂಟರಿನವರಿಗೂ ಗೊತ್ತಿರುವುದಿಲ್ಲ. ಬೈಗುಳ ಮಾತ್ರ ಅವರಿಗೇ ಅಲ್ವಾ?

ತಪ್ಪುಗಳು ಎಂಥವರಿಗೂ ಆಗಿವೆ. ಸೆನೆಟರ್ ಟೆಡ್ ಕೆನಡಿಯವರನ್ನೇ ಹೆಸರಿನ ಹೋಲಿಕೆಯಿಂದ ಕೌಂಟರಿನಲ್ಲಿ ಮತ್ತೆ ಮತ್ತೆ ತಡೆದಿದ್ದರು, 2004ರಲ್ಲಿ ಅವರೇ ಸೆನೆಟ್ ಸಮಿತಿಯ ಮುಂದೆ ಅದನ್ನು ಹೇಳಿಕೊಂಡರು. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಮಲೇಷ್ಯಾದ ರಹಿನಾ ಇಬ್ರಾಹಿಂ ಅವರಿಗೆ 2005ರಲ್ಲಿ ಇದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇಡಿ ಹಾಕಿದರು. ಎಫ್‌ಬಿಐ ಅಧಿಕಾರಿಯೊಬ್ಬ ಫಾರಂ ತುಂಬುವಾಗ ತಪ್ಪು ಜಾಗದಲ್ಲಿ ಗುರುತು ಹಾಕಿ ಅವರ ಹೆಸರು ಪಟ್ಟಿಗೆ ಸೇರುವಂತೆ ಮಾಡಿದ್ದ, ಅಷ್ಟೇ. ಅದು ಕೋರ್ಟಿನಲ್ಲಿ ಇತ್ಯರ್ಥವಾಗಿದ್ದು 2014ರಲ್ಲಿ!

ನಮ್ಮವರ ಹೆಸರುಗಳಂತೂ ಇನ್ನೂ ಗೋಜಲು. ಊರಿನದೊಂದು, ಅಪ್ಪನದೊಂದು ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಿರುತ್ತಾರೆ, ಟಿಕೆಟಿನಲ್ಲಿ ಇರುವುದಿಲ್ಲ. ಒಂದೇ ಹೆಸರಿದ್ದರೆ ವೀಸಾದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಅಂತ ಸೇರಿಸಿಬಿಡುತ್ತಾರೆ.

ತಪಾಸಣೆ ಬೇಡ ಅಂತ ನಾನು ಹೇಳುತ್ತಿಲ್ಲ. ಪದೇ ಪದೇ ಹೀಗಾಗುವವರು, ಇಂಥ ತೊಂದರೆ ಸರಿಪಡಿಸಲೆಂದೇ ಅಮೆರಿಕ ಸರ್ಕಾರ ಇಟ್ಟಿರುವ ‘ಡಿಎಚ್‌ಎಸ್ ಟ್ರಿಪ್’ಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಅದು 2007ರಿಂದಲೂ ಇದೆ. ಅಲ್ಲಿ ಕೊಡುವ ರಿಡ್ರೆಸ್ ನಂಬರನ್ನು ಟಿಕೆಟ್ ಬುಕ್ ಮಾಡುವಾಗ ಹಾಕಿದರೆ ಬೇರೆಯವರ ಹೆಸರಿನ ಜೊತೆ ಕಲಸಿಹೋಗುವುದು ತಪ್ಪುತ್ತದೆ. ಯಜಮಾನರಿಗೆ ಹೋಗುವಾಗಲೂ ಬರುವಾಗಲೂ ಹೀಗೇ ಆಯಿತು, ಎರಡೂ ಸಲ ಕೌಂಟರಿನಲ್ಲಿ ಯಾರೂ ಇದನ್ನು ಹೇಳಲಿಲ್ಲ. ಪಟ್ಟಿಯ ಗುಟ್ಟು ಹೇಳುವುದು ಬೇಡ, ‘ಹೀಗೊಂದು ಅರ್ಜಿ ಇದೆ, ಹಾಕಿ’ ಅಂತ ಒಂದು ಚೀಟಿ ಕೊಡಬಹುದಲ್ಲ? ವಿಮಾನ ಕಂಪನಿಗಳು ತಮ್ಮ ಸಿಬ್ಬಂದಿಗೆ ಇಷ್ಟನ್ನಾದರೂ ಕಲಿಸಲಿ. ನಮ್ಮೂರ ಟ್ರಾವೆಲ್ ಏಜೆಂಟರೂ ಆ ನಂಬರ್ ಇದೆಯಾ ಅಂತ ಕೇಳಿಯೇ ಟಿಕೆಟ್ ಮಾಡಲಿ.

– ನಿವೃತ್ತ ಶಿಕ್ಷಕಿ, ಶಿವಮೊಗ್ಗ